ಫ್ರೇಮಿಗೆ ಅಡ್ಡ ಬಂದ ಮನುಷ್ಯ

"ವಿಮಾನದ ಫೋಟೋ ತೆಗಿಯೋ ಸಾರ್ ಮನೆ ಇದೇನಾ?"

ಕಳೆದ ಭಾನುವಾರದ ಹಿಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಹೆಂಗಸೊಬ್ಬರು ನಿಂತಿದ್ದರು. ಕೈಯಲ್ಲಿ ಬಾಳೆಹಣ್ಣಿನ ಕವರ್. ಪಕ್ಕದಲ್ಲಿ ಮಗಳು. ಸುಂಕದಕಟ್ಟೆಯಿಂದ ಬಸ್ಸು ಹಿಡಿದು, ವಿಜಯನಗರದ ನಮ್ಮ ಕ್ರಾಸಿನಲ್ಲಿ ಮನೆ ಮನೆ ವಿಚಾರಿಸಿಕೊಂಡು ಬಂದಿದ್ದರು.

ಇದೇ ಮನೆ ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಎಂದೆ. (ವಿಮಾನದ ಫೋಟೋ ತೆಗೆದೇ ಒಬ್ಬ ಬದುಕುತ್ತಾನೆ ಎಂದರೆ ನಮ್ಮ ಬೀದಿಯವರೇ ನಂಬುವುದಿಲ್ಲ. "ಗೃಹಪ್ರವೇಶಕ್ಕೆಲ್ಲ ಬರಲ್ವಾ ಸಾರ್?" ಎಂದು ಕೇಳುತ್ತಾರೆ.)

"ನಾನು ಜಯಮ್ಮ ಅಂತ. ಪುಟ್ಟಸ್ವಾಮಿ ಅವ್ರ ಮನೆಯವ್ಳು."

ಯಾವ ಪುಟ್ಟಸ್ವಾಮಿ? ಹೊಳೆಯಲಿಲ್ಲ. ಮಗಳು ಚೈತ್ರಾ ನೆನಪಿಸಿದಳು. "ಫ್ಲೈಯಿಂಗ್ ಸ್ಕೂಲಲ್ಲಿ ಸಾರ್. ಪ್ಲೇನ್ ಇಳಿದ್ಮೇಲೆ ಕೈ ತೋರಿಸ್ತಿದ್ರಲ್ಲ, ಅವ್ರು."

ಈಗ ಗೊತ್ತಾಯಿತು. ಊರಾಚೆಯ ಆ ತರಬೇತಿ ಶಾಲೆಗೆ ನಾನು ವರ್ಷಗಳಿಂದ ಹೋಗುತ್ತಿದ್ದೇನೆ. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಇಳಿದು ಬರುವ ಪುಟ್ಟ ವಿಮಾನಗಳಿಗೆ ಎರಡೂ ಕೈ ಎತ್ತಿ ಇತ್ತ ಬಾ, ಇಲ್ಲಿ ನಿಲ್ಲು ಎಂದು ಸನ್ನೆ ಮಾಡುತ್ತಿದ್ದವರು ಪುಟ್ಟಸ್ವಾಮಿ. ನನ್ನ ಲೆನ್ಸ್ ಬ್ಯಾಗು ಬಿಸಿಲಿನಲ್ಲಿದ್ದರೆ ಕೇಳದೆಯೇ ಎತ್ತಿ ಶೆಡ್ಡಿನೊಳಗೆ ಇಡುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರಂತೆ.

ನನಗೆ ಗೊತ್ತೇ ಇರಲಿಲ್ಲ. ಆಮೇಲೂ ಅಲ್ಲಿಗೆ ಹೋಗಿದ್ದೇನೆ, ಫೋಟೋ ತೆಗೆದಿದ್ದೇನೆ. ಜಾಕೆಟ್ಟಿನೊಳಗಿನ ಮನುಷ್ಯ ಬದಲಾಗಿದ್ದು ಗಮನಕ್ಕೇ ಬಂದಿರಲಿಲ್ಲ.

"ಒಂದು ಫೋಟೋ ಬೇಕಿತ್ತು ಸಾರ್," ಎಂದರು ಜಯಮ್ಮ. "ಡ್ಯೂಟಿ ಡ್ರೆಸ್ಸಲ್ಲಿ, ವಿಮಾನದ ಜೊತೆ ಇರೋದು. ಮನೇಲಿರೋದು ಮದುವೇದು, ಆಧಾರ್ ಕಾರ್ಡಿಂದು, ಅಷ್ಟೇ. ಆ ಸಾರ್ ನಂದು ಸಾವಿರ ಫೋಟೋ ತೆಗ್ದಿದಾರೆ ಕಣೇ ಅಂತ ಯಾವಾಗ್ಲೂ ಹೇಳೋರು."

"ನಾನು ಓದೋ ಸ್ಕೂಲಲ್ಲಿ, ನಮ್ಮಪ್ಪ ಪ್ಲೇನ್ ನಿಲ್ಲಿಸ್ತಾರೆ ಅಂದ್ರೆ ಯಾರೂ ನಂಬ್ತಿರ್ಲಿಲ್ಲ ಸಾರ್," ಎಂದಳು ಚೈತ್ರಾ. "ಬಿಎಂಟಿಸಿ ಬಸ್ ನಿಲ್ಸೋ ಹಾಗಾ ಅಂತ ನಗೋರು. ಅಪ್ಪ ಮಾತ್ರ, ತಡಿ, ಸಾರ್ ಹತ್ರ ಕೇಳಿದೀನಿ, ಕಳಿಸ್ತಾರೆ ಅನ್ನೋರು."

ಕೇಳಿದ್ದರು. ಎಷ್ಟೋ ಸಲ ಕೇಳಿದ್ದರು. ಪ್ರತಿ ಸಲವೂ ನಾನು "ಕಳಿಸ್ತೀನಿ ಪುಟ್ಟಸ್ವಾಮಿ" ಎಂದಿದ್ದೆ.

ಸರಿ, ಈಗಲಾದರೂ ಕೊಟ್ಟರಾಯಿತು. ಕೂತ್ಕೊಳ್ಳಿ, ಕಾಫಿ ಕುಡಿಯೋದ್ರೊಳಗೆ ಹುಡುಕಿ ಕೊಡ್ತೀನಿ ಎಂದೆ. ಅಷ್ಟು ಧೈರ್ಯ ಯಾಕೆ ಗೊತ್ತೇ? ನನ್ನಷ್ಟು ಶಿಸ್ತಿನ ಮನುಷ್ಯ ಈ ಕಸುಬಿನಲ್ಲಿ ಇಲ್ಲ ಎಂಬ ಜಂಬ. ಲೆನ್ಸಿಗೆ ಬೂಷ್ಟು ಹಿಡಿಯದಿರಲೆಂದು ತೇವ ತಡೆಯುವ ಪೆಟ್ಟಿಗೆ. ಪ್ರತಿ ಚಿತ್ರಕ್ಕೂ ಮೂರು ಕಾಪಿ, ಅದರಲ್ಲೊಂದು ಕೆಂಗೇರಿಯಲ್ಲಿರುವ ನನ್ನ ಭಾವಮೈದುನನ ಮನೆಯ ಬೀರುವಿನಲ್ಲಿ. ಫೋಲ್ಡರುಗಳಿಗೆ ವಿಮಾನದ ಬಾಲದ ಮೇಲಿನ ನೋಂದಣಿ ಅಕ್ಷರಗಳದ್ದೇ ಹೆಸರು. ಯಾವ ವಿಮಾನ ಕೇಳಿದರೂ ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆದು ತೋರಿಸಬಲ್ಲೆ.

ತೋರಿಸಿದೆ. ಒಂದು ಫೋಲ್ಡರ್, ಇನ್ನೊಂದು ಫೋಲ್ಡರ್. ಬೆಳ್ಳಗೆ ಹೊಳೆಯುವ ವಿಮಾನಗಳು ಸಾಲಾಗಿ ಬಂದವು. ಪುಟ್ಟಸ್ವಾಮಿ ಬರಲಿಲ್ಲ.

"ಚೆನ್ನಾಗಿದೆ ಸಾರ್," ಎನ್ನುತ್ತಲೇ ಇದ್ದರು ಜಯಮ್ಮ. ಒಂದೊಂದು ಚಿತ್ರ ಬಂದಾಗಲೂ ಸ್ವಲ್ಪ ಮುಂದೆ ಬಾಗುತ್ತಿದ್ದರು. ಆಮೇಲೆ ಹಿಂದೆ ಸರಿಯುತ್ತಿದ್ದರು.

ನನ್ನ ಕಿವಿ ಬಿಸಿಯಾಗತೊಡಗಿತು. ಯಾಕೆಂದರೆ ಅಷ್ಟರಲ್ಲಿ ನನಗೆ ಎಲ್ಲ ಜ್ಞಾಪಕವಾಗಿತ್ತು. ಬಿಳಿ ವಿಮಾನದ ಮುಂದೆ ಕಿತ್ತಳೆ ಜಾಕೆಟ್ ಕಣ್ಣಿಗೆ ಹೊಡೆಯುತ್ತದೆ. ನನ್ನ ಚಿತ್ರ ಕೊಳ್ಳುವ ಕ್ಯಾಲೆಂಡರಿನವರಿಗೆ 'ಕ್ಲೀನ್' ಚಿತ್ರ ಬೇಕು. ಹಾಗಾಗಿ ಎಡಿಟಿಂಗಿನಲ್ಲಿ ನಾನೇ ಅವರನ್ನು ಒರೆಸಿ ಹಾಕುತ್ತಿದ್ದೆ. ಮೌಸಿನಲ್ಲಿ ಒಂದು ಸುತ್ತು ಗೆರೆ ಎಳೆದರೆ ಮನುಷ್ಯ ಮಾಯ. ಇನ್ನು ಕ್ಯಾಮೆರಾದಿಂದ ಬಂದ ಮೂಲ ಫೈಲುಗಳು? ಅವು ಭಾರೀ ಗಾತ್ರದವು. ಡಿಸ್ಕ್ ತುಂಬಿದಾಗಲೆಲ್ಲ ಎಡಿಟ್ ಆದದ್ದನ್ನು ಉಳಿಸಿಕೊಂಡು ಮೂಲವನ್ನು ಡಿಲೀಟ್ ಮಾಡುತ್ತಿದ್ದೆ. ಮೂರು ಕಡೆ ಜೋಪಾನವಾಗಿ ಇಟ್ಟಿದ್ದು ಪುಟ್ಟಸ್ವಾಮಿ ಇಲ್ಲದ ಚಿತ್ರಗಳನ್ನು.

ಹೇಳಬೇಕಿತ್ತು. ಹೇಳಲಿಲ್ಲ. "ಹಾರ್ಡ್ ಡಿಸ್ಕ್ ಸ್ವಲ್ಪ ತೊಂದ್ರೆ ಕೊಡ್ತಾ ಇದೆ ಅಮ್ಮಾ" ಎಂದುಬಿಟ್ಟೆ. ಕಾಫಿ ಲೋಟ ಎತ್ತಲು ಬಂದಿದ್ದ ನನ್ನ ಹೆಂಡತಿ ಸುಮಾ ನನ್ನ ಮುಖವನ್ನೊಮ್ಮೆ ನೋಡಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಚೈತ್ರಾ ಪರದೆಯ ಹತ್ತಿರ ಬಂದಳು. "ಸಾರ್, ಇದನ್ನ ಸ್ವಲ್ಪ ದೊಡ್ಡದು ಮಾಡಿ." ಮಾಡಿದೆ. ವಿಮಾನದ ಮುಂದೆ ಸಿಮೆಂಟ್ ನೆಲ. ನೆಲದ ಮೇಲೆ ಉದ್ದಕ್ಕೆ ಬಿದ್ದ ಒಂದು ನೆರಳು. ಎರಡೂ ಕೈ ಮೇಲೆತ್ತಿದ ನೆರಳು. ಕಾಲಿನ ಜಾಗದಲ್ಲಿ ಯಾರೂ ಇಲ್ಲ.

ಅವಸರದಲ್ಲಿ ನೆರಳನ್ನು ಒರೆಸುವುದು ಮರೆತಿದ್ದೆ.

"ಅಮ್ಮಾ, ಇದು ಅಪ್ಪ ಅಲ್ವಾ?"

ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ಡಿಸ್ಕ್ ಕೆಟ್ಟಿಲ್ಲ ಎಂಬುದನ್ನೂ ಹೇಳಿದೆ. ಜಯಮ್ಮ ಬೈಯಲಿ, ಚೈತ್ರಾ ಎದ್ದು ಹೋಗಲಿ ಎಂದು ಕಾದೆ. ಜಯಮ್ಮ ಸೆರಗು ಸರಿ ಮಾಡಿಕೊಂಡು ಹೇಳಿದ್ದು ಇಷ್ಟು:

"ಬಿಡಿ ಸಾರ್. ಅವ್ರೇ ಅಡ್ಡ ಬಂದಿದ್ರೇನೋ. ಫೋಟೋ ವಿಷಯ ಅವ್ರಿಗೆಲ್ಲಿ ಗೊತ್ತಾಗ್ಬೇಕು."

ಗಂಡನ ಪರವಾಗಿ ಅವರು ನನ್ನ ಕ್ಷಮೆ ಕೇಳುತ್ತಿದ್ದರು. ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ಫೋನಿನಲ್ಲಿ ಸ್ಟೋರೇಜ್ ಫುಲ್ ಎಂದು ಬಂದಾಗ ನೀವು ಮೊದಲು ಯಾರನ್ನು ಡಿಲೀಟ್ ಮಾಡುತ್ತೀರಿ? ಟ್ರಿಪ್ಪಿಗೆ ಕರೆದೊಯ್ದ ಡ್ರೈವರಣ್ಣ, ಮದುವೆಯಲ್ಲಿ ಬಡಿಸುತ್ತಿದ್ದವರು, ಮೂಲೆಯಲ್ಲಿ ಅರ್ಧ ಬಿದ್ದ ಯಾರೋ ಆಂಟಿ. ಅವರನ್ನು ಒರೆಸಿದರೆ ನಮ್ಮ ಚಿತ್ರ ಚೆಂದ. ಅವರ ಮನೆಯಲ್ಲಿ?

ಆ ವಾರವೆಲ್ಲ ಹುಡುಕಿದೆ. ಹಳೆಯ ಮೆಮೊರಿ ಕಾರ್ಡುಗಳು, ಬ್ಯಾಗಿನ ಜೇಬುಗಳು. ಕೆಂಗೇರಿಗೆ ಹೋಗಿ ಬೀರುವಿನ ಡಿಸ್ಕನ್ನೂ ತಂದೆ. ಅದರಲ್ಲಿ ಒಂದು ಡ್ರೋನ್ ವಿಡಿಯೋ ಇತ್ತು. ಆ ತರಬೇತಿ ಶಾಲೆಯ ಸಮಾರಂಭವೊಂದನ್ನು ಮೇಲಿನಿಂದ ಚಿತ್ರೀಕರಿಸಲು ನಾನು ಅನುಮತಿ ಪಡೆದಿದ್ದೆ. ರನ್‌ವೇ ಪಕ್ಕ ಡ್ರೋನ್ ಎತ್ತುವುದೆಂದರೆ ಹುಡುಗಾಟವಲ್ಲ. ಅರ್ಜಿ ಹಾಕಿ, ಮ್ಯಾಪಿನಲ್ಲಿ ಜಾಗ ಗುರುತಿಸಿ, ಎಷ್ಟು ಎತ್ತರ, ಎಷ್ಟು ಹೊತ್ತು ಎಂದೆಲ್ಲ ಬರೆದುಕೊಟ್ಟು, ಆಫೀಸಿಂದ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ್ದೆ. ನಾಳೆ ಯಾರಾದರೂ ಎಲ್ಲಿ ಹಾರಿಸಿದೆ ತೋರಿಸು ಎಂದರೆ ಇರಲಿ ಎಂದು, ಆ ಒಂದು ವಿಡಿಯೋವನ್ನು ಮಾತ್ರ ಆರಂಭದಿಂದ ಕೊನೆಯವರೆಗೆ ಕತ್ತರಿಸದೆ ಇಟ್ಟಿದ್ದೆ.

ಅದು ಉಳಿದದ್ದು ಪುಟ್ಟಸ್ವಾಮಿಯ ಮೇಲಿನ ಪ್ರೀತಿಗಲ್ಲ, ಇಲಾಖೆಯ ಭಯಕ್ಕೆ.

ಡ್ರೋನ್ ನೆಲದ ಮೇಲಿದೆ. ಎದುರಿಗೆ, ಜನ ಹತ್ತಿರ ಬರದಂತೆ ಕಾಯಲು ನಿಂತ ಒಂದು ಜೊತೆ ಕಪ್ಪು ಶೂ. ಡ್ರೋನ್ ಏಳುತ್ತದೆ. ಮಂಡಿ, ಕಿತ್ತಳೆ ಜಾಕೆಟ್, ಆಮೇಲೆ ಮುಖ. ಗಾಳಿಗೆ ಹಾರದಂತೆ ಟೋಪಿ ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ, ಪೂರ್ತಿ ಹಲ್ಲು ಬಿಟ್ಟು ನಗುತ್ತಿರುವ ಪುಟ್ಟಸ್ವಾಮಿ. ಅಷ್ಟೇ. ಮುಂದಿನದೆಲ್ಲ ಆಕಾಶ.

ಆ ಮುಖವನ್ನು ಪ್ರಿಂಟ್ ಹಾಕಿಸಿ, ವಿಡಿಯೋವನ್ನೂ ತೆಗೆದುಕೊಂಡು ಮೊನ್ನೆ ಸುಂಕದಕಟ್ಟೆಗೆ ಹೋದೆ. ಚಿತ್ರ ಸ್ವಲ್ಪ ಮಸುಕು. ಹಿಂದೆ ಬೇಲಿ ಇದೆ, ವಿಮಾನವಿಲ್ಲ.

"ಬೇಕಿದ್ರೆ ಹಿಂದೆ ಒಂದು ವಿಮಾನ ಸೇರಿಸಿ ಕೊಡ್ತೀನಿ. ಗೊತ್ತೇ ಆಗಲ್ಲ," ಎಂದೆ.

ಚೈತ್ರಾ ಪ್ರಿಂಟನ್ನು ಎದೆಗವಚಿಕೊಂಡಳು. "ಬೇಡ ಸಾರ್. ಏನೂ ಸೇರಿಸ್ಬೇಡಿ, ಏನೂ ತೆಗೀಬೇಡಿ."

ಜಯಮ್ಮ ಮಗಳ ಫೋನಿನಲ್ಲಿ ವಿಡಿಯೋ ನೋಡುತ್ತ ಕುಳಿತಿದ್ದರು. ಮುಗಿದ ಕೂಡಲೇ ಮತ್ತೆ ಹಾಕಿಸಿಕೊಳ್ಳುತ್ತಿದ್ದರು. ಒಮ್ಮೆ ಮುಖ ಬಂದ ಜಾಗದಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಇಷ್ಟು ಖುಷಿಯಾಗಿ ಯಾರನ್ನ ನೋಡಿ ನಗ್ತಿದಾರೆ ಸಾರ್?"

ಡ್ರೋನಿನ ಹಿಂದೆ ನಿಂತಿದ್ದವನು ನಾನೊಬ್ಬನೇ. ಆ ಹೊತ್ತಿನಲ್ಲಿ ನಾನು ರಿಮೋಟಿನ ಪರದೆಯಲ್ಲಿ ಎತ್ತರ ಎಷ್ಟಾಯಿತೆಂದು ನೋಡುತ್ತಿದ್ದೆ.