ವರ್ಷತೊಡಕಿನ ಚಾಕೊಲೇಟ್ ಪೈ

ನಾನು ನಮ್ಮ ಅತ್ತೆಗೆ ಮೊಟ್ಟೆ ತಿನ್ನಿಸಿದ್ದೇನೆ. ಮೊಟ್ಟೆ, ಮಾಂಸ ಮುಟ್ಟುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತಿದ್ದ ಹೆಂಗಸಿಗೆ, ಗೊತ್ತಿದ್ದೂ, ಎದುರಿಗೆ ನಿಂತು ‘ಇಲ್ಲ’ ಎಂದು ಹೇಳಿ ತಿನ್ನಿಸಿದ್ದೇನೆ. ಅದೂ ವರ್ಷತೊಡಕಿನ ದಿನ. ಹೇಳಿಬಿಟ್ಟೆ — ಇನ್ನು ಮಿಕ್ಕಿದ್ದನ್ನು ಬರೆಯಬಹುದು.

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ವರ್ಷತೊಡಕು. ಹಬ್ಬದ ದಿನ ಹೋಳಿಗೆ, ಮಾರನೆಯ ದಿನ ಮಾಂಸ. ಆವತ್ತು ಏನು ಮಾಡುತ್ತೇವೋ ವರ್ಷವಿಡೀ ಅದನ್ನೇ ಮಾಡುತ್ತೇವೆ ಎಂದು ನಂಬಿಕೆ. ಹಾಗಾಗಿ ಆವತ್ತು ಯಾರೂ ಜಗಳವಾಡುವುದಿಲ್ಲ, ಅಳುವುದಿಲ್ಲ, ಎಂಥ ತುಂಟ ಮಕ್ಕಳಿಗೂ ಒದೆ ಬೀಳುವುದಿಲ್ಲ. ಸುಗಟೂರಿನ ನಮ್ಮ ಬೀದಿಯಲ್ಲಿ ಬೆಳಗ್ಗೆಯೇ ಪಾಲು ಪಾಲಾಗಿ ಗುಡ್ಡೆ ಹಾಕಿದ ಮಾಂಸ ಹಂಚಿಕೊಂಡು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಮನೆಗಳಿಂದಲೂ ಒಂದೇ ಘಮ. ಆ ಘಮದ ನಡುವೆ ನಮ್ಮ ಅತ್ತೆ ಒಬ್ಬರೇ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಕೂರುತ್ತಿದ್ದರು.

ಅವರು ಮೊದಲಿನಿಂದ ಹಾಗಿರಲಿಲ್ಲ. ಶ್ರೀನಿವಾಸಪುರದ ಕಡೆಯವರು, ಖುಷಿಯಾದರೆ ತೆಲುಗು, ಕೋಪ ಬಂದರೂ ತೆಲುಗು. ಮಾಂಸದ ಸಾರಿಗೆ ಮಸಾಲೆ ರುಬ್ಬಲು ಬೇರೆಯವರನ್ನು ಬಿಟ್ಟವರಲ್ಲ. ನಲ್ಲಿಮೂಳೆ ಅವರ ಎಲೆಗೇ ಬೀಳಬೇಕು. ನಾನು ಬಾಣಂತನಕ್ಕೆ ಮಾಲೂರಿನ ತವರಿಗೆ ಹೋಗಿ, ಮಗಳು ಚಿನ್ನಿಯನ್ನು ಎತ್ತಿಕೊಂಡು ತಿರುಗಿ ಬರುವಷ್ಟರಲ್ಲಿ ಎಲ್ಲ ಬಿಟ್ಟಿದ್ದರು. ಯಾಕೆ ಅತ್ತೆ ಎಂದು ಕೇಳಿದೆ.

“ಹರಕೆ ಕಣಮ್ಮಾ. ಯಾತಕ್ಕೆ ಅಂತ ಕೇಳ್ಬಾರ್ದು. ತೀರೋಕ್ ಮುಂಚೆ ಹೇಳಿದ್ರೆ ಫಲ ಇರಲ್ಲ.”

ಸರಿ, ಮಂಡಿನೋವಿಗೇ ಇರಬೇಕು ಎಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಯೋಚಿಸದೆ ಹೋದದ್ದೂ ನನ್ನ ತಪ್ಪಿನ ಒಂದು ಪಾಲು.

ಆಮೇಲೆ ಓವನ್ ಬಂತು. ವೇಮಗಲ್ಲಿನ ಕಾರ್ಖಾನೆಯಲ್ಲಿ ನಮ್ಮವರ ಕೆಲಸ. ಆಯುಧಪೂಜೆಗೆ ಅಲ್ಲಿ ಎಲ್ಲರಿಗೂ ಒಂದೊಂದು ಓವನ್ ಉಡುಗೊರೆ ಕೊಟ್ಟರು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮೇಲೆ ಒಂದು ಬಟ್ಟೆ ಹೊದಿಸಿ ಕೂರಿಸಿದರು. ನನಗೋ ತಡೆಯಲಾಗುತ್ತಿಲ್ಲ! ಬಟ್ಟೆ ಎತ್ತಿ ಎತ್ತಿ ನೋಡುತ್ತಿದ್ದೆ. ಮೊದಲ ಸಲ ಮಾಡಿದ ಕೇಕನ್ನು ಮುಳಬಾಗಿಲಿನಿಂದ ಬಂದಿದ್ದ ನಾದಿನಿ ರೂಪಾ ಬೆರಳಿನಿಂದ ಒತ್ತಿ ನೋಡಿ, “ಅತ್ತಿಗೆ, ಇದು ಇಡ್ಲೀನಾ?” ಎಂದಳು. ನಾನು ಓವನ್ನಿನ ಮೇಲೆ ತಪ್ಪು ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ಎಲ್ಲರೂ ನಕ್ಕರು, ನಾನೂ ನಕ್ಕೆ, ಒಳಗೆ ಮಾತ್ರ ಉರಿಯುತ್ತಿತ್ತು.

ಆಗಲೇ ಫೋನಿನಲ್ಲಿ ಆ ಪೈ ಕಣ್ಣಿಗೆ ಬಿದ್ದದ್ದು. ಕೆಳಗೆ ಗರಿಗರಿಯಾದ ಹಿಟ್ಟಿನ ತಟ್ಟೆ, ಅದರ ತುಂಬ ಕಪ್ಪಗೆ ಮಿರುಗುವ ಚಾಕೊಲೇಟು, ಮೇಲೆಲ್ಲ ಬೀಜಗಳು. ನೋಡಿದೆ, ಮತ್ತೆ ನೋಡಿದೆ. ಅರೆ, ಇದು ನಮ್ಮ ಹೋಳಿಗೆಯೇ ಅಲ್ಲವೇ! ಕಣಕ ಇದೆ, ಹೂರಣ ಇದೆ, ಪಾಪ ಮೇಲೆ ಮುಚ್ಚುವುದನ್ನು ಮರೆತಿದ್ದಾರೆ ಅಷ್ಟೇ. ಹೋಳಿಗೆ ಬರುವ ಕೈಗೆ ಇದು ಬರದೆ ಇರುತ್ತದೆಯೇ? ಅವರು ಹಾಕಿದ್ದು ಯಾವುದೋ ದೂರದ ದೇಶದ ಬೀಜ. ನಮ್ಮ ಹೊಲದ ಕಡಲೆಕಾಯಿ ಏನು ಕಡಿಮೆ?

ಯುಗಾದಿಗೆ ಮುಂಚೆ ರೂಪಾ ಫೋನ್ ಮಾಡಿ, “ಸ್ವೀಟ್ ನಾನೇ ಬೇಕರಿಯಿಂದ ತರ್ತೀನಿ ಬಿಡಿ ಅತ್ತಿಗೆ, ನಿಮ್ಗ್ಯಾಕೆ ತೊಂದ್ರೆ” ಎಂದಳು.

“ಏನೂ ತರ್ಬೇಡ. ವರ್ಷತೊಡಕಿಗೆ ಚಾಕೊಲೇಟ್ ಪೈ ಮಾಡ್ತೀನಿ. ಮೊಟ್ಟೆ ಹಾಕ್ದೇನೇ. ಅತ್ತೇನೂ ತಿನ್ಬೇಕು” ಎಂದೆ.

ಅತ್ತೆಯೂ ತಿನ್ನಬೇಕು — ಆ ಮಾತು ಆಡಿದಾಗ ಅದು ನಿಜವಾಗಿಯೂ ನನ್ನ ಮನಸ್ಸಿನಲ್ಲಿತ್ತು. ಎಲ್ಲರೂ ಮೂಳೆ ಚೀಪುವಾಗ ಅವರೊಬ್ಬರೇ ಸಾರನ್ನ ಕಲಸುವುದನ್ನು ನೋಡಲು ಆಗುತ್ತಿರಲಿಲ್ಲ. ಅತ್ತೆ ಅದನ್ನು ಕೇಳಿಸಿಕೊಂಡು ಬೀದಿಗೆಲ್ಲ ಹೇಳಿಬಂದರು: ನಮ್ಮ ಸೊಸೆ ಅದೇನೋ ಪೈ ಮಾಡ್ತಾಳಂತೆ, ನನಗೋಸ್ಕರ ಮೊಟ್ಟೆ ಹಾಕಲ್ಲವಂತೆ.

ಯುಗಾದಿ ಮಧ್ಯಾಹ್ನ, ಹೋಳಿಗೆಯ ಕೆಲಸ ಮುಗಿದ ಮೇಲೆ ಶುರು ಮಾಡಿದೆ. ಮೈದಾಗೆ ತಣ್ಣನೆಯ ಬೆಣ್ಣೆ ಉದುರುದುರಾಗಿ ಬೆರೆಸಬೇಕು, ಬೆಣ್ಣೆ ಕರಗಬಾರದು. ಆ ಬಿಸಿಲಿಗೆ ಬೆಣ್ಣೆ ಕರಗದೆ ಇರುತ್ತದೆಯೇ? ಪಾತ್ರೆಯನ್ನು ಐಸ್ ನೀರಿನಲ್ಲಿ ಕೂರಿಸಿ, ನನ್ನ ಕೈಯನ್ನೂ ಅದರಲ್ಲೇ ಅದ್ದಿ ಅದ್ದಿ ಕಲಸಿದೆ. ಹಿಟ್ಟಿನ ತಟ್ಟೆ ಚೆನ್ನಾಗಿಯೇ ಬಂತು. ಆದರೆ ಮೊಟ್ಟೆಯ ಬದಲು ಮೊಸರು, ಜೋಳದ ಹಿಟ್ಟು ಹಾಕಿದ ಹೂರಣ — ಎಷ್ಟು ಬೇಯಿಸಿದರೂ ಗಟ್ಟಿಯಾಗಲೊಲ್ಲದು. ಚಿನ್ನಿ ಬೆರಳದ್ದಿ ನೆಕ್ಕಿ “ಸಾರು” ಎಂದಳು. ಆಗಷ್ಟೇ ಅವಳಿಗೆ ಮಾತು ಬರುತ್ತಿದ್ದ ಕಾಲ. ರೂಪಾ ಮಾರನೆಯ ದಿನ ಬರುವವಳಿದ್ದಳು. ನನ್ನ ಮಾನ ಮೂರು ಕಾಸಿಗೆ ಹರಾಜಾಗುವುದು ಕಣ್ಣಿಗೆ ಕಟ್ಟಿತು.

ವರ್ಷತೊಡಕಿನ ಬೆಳಗ್ಗೆ ಅತ್ತೆ ಡೈರಿಗೆ ಹಾಲು ಹಾಕಲು ಹೋದರು. ಹಿತ್ತಲಿನ ಮಂಕರಿಯಲ್ಲಿ ನಮ್ಮ ನಾಟಿಕೋಳಿಯ ಮೊಟ್ಟೆಗಳಿದ್ದವು. ಕೈ ತಾನಾಗಿ ಹೋಯಿತು ಎಂದು ಬರೆಯಬಹುದು — ಸುಳ್ಳಾಗುತ್ತದೆ. ನಾನೇ ಬಗ್ಗಿದೆ, ಆರಿಸಿ ತೆಗೆದುಕೊಂಡೆ. ಇನ್ನೂ ಬೆಚ್ಚಗಿದ್ದವು. ಸಿಪ್ಪೆಯನ್ನು ತಿಪ್ಪೆಯಲ್ಲಿ ಹುಗಿದು, ಮೇಲೆ ಸಗಣಿ ಎಳೆದೆ.

ಆಮೇಲಿನ ಹೊತ್ತಿನ ಬಗ್ಗೆ ಏನು ಹೇಳಲಿ! ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ, ಅದಕ್ಕೇ ನನಗೆ ನಾಚಿಕೆ. ಬೆಲ್ಲದ ಪುಡಿ ಹಾಕಿ ಮೊಟ್ಟೆಗಳನ್ನು ನೊರೆ ಬರುವಂತೆ ಕಡೆದೆ. ಚಾಕೊಲೇಟು ಬೆಣ್ಣೆಯ ಜೊತೆ ಕರಗಿ ಹೊಳೆಯುತ್ತಿತ್ತು. ಎರಡನ್ನೂ ಸೇರಿಸಿದಾಗ ಸೌಟಿನಿಂದ ದಪ್ಪ ದಾರದ ಹಾಗೆ ಇಳಿಯಿತು. ಅದನ್ನು ಹಿಂದಿನ ದಿನದ ಹಿಟ್ಟಿನ ತಟ್ಟೆಗೆ ಸುರಿದು, ಹುರಿದು ಸಿಪ್ಪೆ ಉಜ್ಜಿದ ಕಡಲೆಬೀಜ, ಒಂದು ಹಿಡಿ ಗೋಡಂಬಿ ಹಾಕಿ, ಓವನ್ನಿನೊಳಗಿಟ್ಟು ಅದರ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತೆ. ಎರಡು ಸಲ ಕರೆಂಟು ಕಣ್ಣು ಮಿಟುಕಿಸಿತು. “ಇವತ್ತೊಂದಿನ ಹೋಗ್ಬೇಡಪ್ಪಾ” ಎಂದು ಕರೆಂಟಿಗೇ ಕೈ ಮುಗಿದೆ. ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲ್ಭಾಗ ಉಬ್ಬಿ, ಅಂಚು ಕೆಂಪಗಾಗಿ, ಮಾಂಸದ ಮಸಾಲೆಯ ಘಮವನ್ನೂ ಸೀಳಿಕೊಂಡು ಚಾಕೊಲೇಟಿನ ಘಮ ಬೀದಿಗೆ ಹೋಯಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ಏನದು ಎಂದು ಕೇಳಿದರು. ನಾನು ನೆಲದ ಮೇಲೆ ಇರಲೇ ಇಲ್ಲ!

ಊಟವಾಯಿತು. ಪೈ ನಡುಮನೆಗೆ ಬಂತು. ಕತ್ತರಿಸಿದರೆ ಒಂದೊಂದು ತುಂಡೂ ನೆಟ್ಟಗೆ ನಿಂತಿತು. ಮೊದಲ ತುಂಡನ್ನು ಅತ್ತೆಗೆ ಕೊಟ್ಟೆ. ಅವರು ತಟ್ಟೆ ಹಿಡಿದುಕೊಂಡು ನನ್ನ ಮುಖ ನೋಡಿದರು.

“ಮೊಟ್ಟೆ ಇಲ್ಲ ತಾನೇ ಅಮ್ಮಾಯಿ?”

ರೂಪಾ ಚಮಚ ಎತ್ತಿ ಕಾಯುತ್ತಿದ್ದಳು. ನಮ್ಮವರು ನೋಡುತ್ತಿದ್ದರು. ‘ಅತ್ತೆ, ಇದು ಬೇಡ, ನಿಮಗೆ ಹೋಳಿಗೆ ತರ್ತೀನಿ’ ಎನ್ನಬಹುದಿತ್ತು. ಒಂದು ಉಸಿರಿನ ಮಾತು — ಅಷ್ಟೇ ಬೇಕಾಗಿದ್ದದ್ದು.

“ಇಲ್ಲ ಅತ್ತೆ. ಒಂದು ಚೂರೂ ಇಲ್ಲ” ಎಂದೆ.

ಅವರು ತಿಂದರು. ಕಣ್ಣು ಮುಚ್ಚಿಕೊಂಡರು. “ಅಬ್ಬಾ, ಎಂತ ಬಾಗುಂದೋ! ಎಷ್ಟ್ ಚೆನ್ನಾಗೈತೆ ಕಣಮ್ಮಾ” ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಹೊಗಳಿ ಇನ್ನೊಂದು ತುಂಡು ಕೇಳಿದರು. ಅದನ್ನೂ ಕೊಟ್ಟೆ. ರೂಪಾ ಹೇಗೆ ಮಾಡಿದಿರಿ ಎಂದು ಕೇಳಿದಳು. ಅವಳಿಗೂ ಮೊಸರು, ಜೋಳದ ಹಿಟ್ಟು ಎಂದೇ ಹೇಳಿದೆ. ಆ ಮಧ್ಯಾಹ್ನ ನನ್ನ ಮನಸ್ಸು ಚುಚ್ಚಲೇ ಇಲ್ಲ. ಚುಚ್ಚಿತು ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಮರುಕ ಬಂದೀತು, ಆದರೆ ಅದು ನಿಜವಲ್ಲ. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ವರ್ಷತೊಡಕಿನ ನಂಬಿಕೆ ಸುಳ್ಳಲ್ಲ. ಆವತ್ತು ಸುಳ್ಳು ಹೇಳಿದವಳು ವರ್ಷವೆಲ್ಲ, ಅದರ ಮುಂದಿನ ವರ್ಷಗಳಲ್ಲೂ, ಸುಳ್ಳನ್ನೇ ಹೇಳಿದೆ. ಪ್ರತಿ ಹಬ್ಬಕ್ಕೂ ಅತ್ತೆ ಪೈ ಕೇಳುವರು. ಮತ್ತೆ ಮೊಟ್ಟೆ ಹಾಕುವ ಧೈರ್ಯ ಬರಲಿಲ್ಲ. ಮೊಸರಿನಲ್ಲೇ ಹೇಗೋ ಗಟ್ಟಿ ಮಾಡುವುದನ್ನು ಕಲಿತೆ. ಅತ್ತೆ ತಿಂದು, “ಚೆನ್ನಾಗೈತೆ. ಆದ್ರೆ ಅವತ್ತಿನ ರುಚಿ ಬರ್ಲಿಲ್ಲ ಕಣಮ್ಮಾ. ಏನೋ ಒಂದು ಮರೀತಿದೀಯ” ಎನ್ನುವರು. ‘ಬೆಣ್ಣೆ ಬೇರೆ, ಅತ್ತೆ’, ‘ಚಾಕೊಲೇಟು ಬೇರೆ, ಅತ್ತೆ’ ಎನ್ನುತ್ತಿದ್ದೆ. ಬಿಸಿತುಪ್ಪ — ನುಂಗಲೂ ಆಗದು, ಉಗುಳಲೂ ಆಗದು.

ಹೋದ ವರ್ಷ ಬೇಸಿಗೆಯಲ್ಲಿ ಚಿನ್ನಿಯನ್ನು ಒಂದನೇ ತರಗತಿಗೆ ಸೇರಿಸಿ ಬಂದ ದಿನ, ಅತ್ತೆ ಹಿತ್ತಲಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಮುಖದಲ್ಲಿ ಏನೋ ಸಂಭ್ರಮ. “ಬರೋ ಸೋಮವಾರ ಮನೆದೇವ್ರಿಗೆ ಹೋಗೋಣ. ನನ್ನ ಹರಕೆ ತೀರ್ತು” ಎಂದರು. “ಈಗ ಹೇಳ್ಬೋದು. ಚಿನ್ನಿ ಏಳು ತಿಂಗಳಿಗೇ ಹುಟ್ಟಿದ್ಲಲ್ಲ. ಕೋಲಾರದ ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು. ನೀನು ಒಳಗೆ ಎಚ್ಚರ ಇಲ್ದೆ ಮಲಗಿದ್ದೆ, ನಿಂಗೆ ಏನೂ ಗೊತ್ತಾಗ್ಲಿಲ್ಲ. ಅಲ್ಲೇ ಬಾಗಿಲ ಹತ್ರ ನಿಂತ್ಕೊಂಡು ಬೇಡ್ಕೊಂಡೆ — ಈ ಮಗು ತನ್ನ ಕಾಲಲ್ಲಿ ನಡ್ಕೊಂಡು ಇಸ್ಕೂಲಿಗೆ ಹೋಗೋವರ್ಗೂ ನಾಲಿಗೇಗೆ ಮಾಂಸ ಮೊಟ್ಟೆ ಮುಟ್ಟಿಸಲ್ಲ ಅಂತ. ಒಂದಿನ ತಪ್ಲಿಲ್ಲ, ನೋಡು! ಇನ್ನು ಕರ್ಪೂರದ ಮೇಲೆ ಕೈ ಇಟ್ಟು ಹೇಳಿ ಬರೋದೊಂದೇ.”

ನನ್ನ ಮಗಳಿಗಾಗಿ. ನನ್ನ ಮಗಳ ಉಸಿರಿಗಾಗಿ ಹಿಡಿದಿದ್ದ ಹರಕೆಯನ್ನು ನಾನು ನಾದಿನಿಯ ಹೊಗಳಿಕೆಗಾಗಿ —

ದೇವರ ಮುಂದೆ ಅವರ ಬಾಯಲ್ಲಿ ಸುಳ್ಳು ಹೇಳಿಸಲು ಆಗಲಿಲ್ಲ. ಅಲ್ಲೇ ಕೂತು ಎಲ್ಲ ಹೇಳಿದೆ, ತಿಪ್ಪೆಯಲ್ಲಿ ಹುಗಿದ ಸಿಪ್ಪೆಯವರೆಗೆ. ಕತ್ತಿ ನಿಂತಿತು. ಬೈಯಲಿ, ತೆಲುಗಿನಲ್ಲಾದರೂ ಬೈಯಲಿ ಎಂದು ಕಾದೆ.

“ನಮ್ಮ ಕೋಳೀದೇನಾ?” ಎಂದರು.

“ಹೂಂ ಅತ್ತೆ.”

“ಮಗೂಗೆ ಏನೂ ಆಗ್ಲಿಲ್ಲ. ಆ ಸ್ವಾಮಿ ಸುಮ್ನಿದ್ದ. ಅವ್ನು ಸುಮ್ನಿದ್ದ ಅಂತ ನಾನು ಸುಮ್ನಿರೋಕಾಗುತ್ತಾ? ಮೊದ್ಲಿಂದ ಹಿಡೀತೀನಿ. ಮತ್ತೆ ಅಷ್ಟೇ ವರ್ಷ.” ಅಷ್ಟು ಹೇಳಿ ಇನ್ನೊಂದು ಮಾವಿನಕಾಯಿ ಎತ್ತಿಕೊಂಡರು. ಸೋಮವಾರ ದೇವಸ್ಥಾನಕ್ಕೆ ಹೋಗಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ವರ್ಷದ ವರ್ಷತೊಡಕಿನಲ್ಲಿ ಅತ್ತೆಯ ತಟ್ಟೆಯಲ್ಲಿ ಮತ್ತೆ ತಿಳಿಸಾರನ್ನು ನೋಡಿ ರೂಪಾ, “ಏನಮ್ಮಾ, ಇನ್ನೂ ಮುಗೀಲಿಲ್ವಾ ನಿನ್ನ ಹರಕೆ?” ಎಂದಳು.

ಅತ್ತೆ ತಲೆ ಎತ್ತಲಿಲ್ಲ. “ನಾನೇ ಒಂದ್ಸಲ ತಪ್ಪಿದ್ದೆ ಕಣೇ. ಬಾಯಿಚಪಲ. ಕದ್ದು ತಿಂದಿದ್ದೆ. ಅದಕ್ಕೇ ಇನ್ನೊಂದ್ಸಲ” ಎಂದರು.

ರೂಪಾ ನಕ್ಕಳು. “ಈ ವಯಸ್ಸಲ್ಲಿ ಕಳ್ಳತನಾನಾ!” ಎಂದು ನಮ್ಮವರೂ ರೇಗಿಸಿದರು. ಅತ್ತೆಯೂ ನಕ್ಕರು. ನನ್ನ ಬಾಯಲ್ಲಿ ತುತ್ತಿತ್ತು. ನಾನು ಅಗಿಯುತ್ತಲೇ ಇದ್ದೆ.

ಅದಕ್ಕೆ ಇದನ್ನು ಬರೆದೆ. ಭಾನುವಾರ ರೂಪಾ ಬರುತ್ತಾಳೆ. ಅವಳ ಮುಂದೆ, ಅವಳ ಅಣ್ಣನ ಮುಂದೆ, ಇದನ್ನು ನಾನೇ ಓದಿ ಹೇಳುತ್ತೇನೆ. ಅತ್ತೆ ಬೇಡವೆಂದು ಕಣ್ಸನ್ನೆ ಮಾಡಿದರೂ ನಿಲ್ಲಿಸುವುದಿಲ್ಲ.

ನಿಮ್ಮಮ್ಮನಿಗೆ ಬಾಯಿಚಪಲ ಇರಲಿಲ್ಲ, ರೂಪಾ. ಅವರು ಏನನ್ನೂ ಕದ್ದು ತಿನ್ನಲಿಲ್ಲ. ನನ್ನನ್ನು ಕೇಳಿ ತಿಂದರು.