ಸೂರಮ್ಮನವರ ಪೊರಕೆ ಪಾಠ

ಚಳ್ಳಕೆರೆಯ ಶಿಕ್ಷಕರ ತರಬೇತಿ ಸಂಸ್ಥೆಯೊಂದರಲ್ಲಿ ಸೂರಮ್ಮನವರು ಬೋಧನಾ ವಿಧಾನ ಹೇಳಿಕೊಡುತ್ತಿದ್ದರು. ಹೊಸ ತಂಡ ಬಂದಾಗಲೆಲ್ಲ ಅವರ ಮೊದಲ ಪ್ರಶ್ನೆ ಒಂದೇ.

"ನಿಮ್ಮೂರ ಶಾಲೇಲಿ ಕಸ ಗುಡಿಸ್ತಿದ್ದೋರು ಯಾರು? ಗಂಟೆ ಹೊಡೀತಿದ್ದೋರು ಯಾರು?"

ಟಿ.ಸಿ.ಎಚ್. ಓದಲು ಬಂದ ಹುಡುಗ ಹುಡುಗಿಯರು, ಇದೂ ಒಂದು ಕೇಳುವ ಮಾತೇ ಎಂಬಂತೆ ನಗುತ್ತಿದ್ದರು. ಕಸ ಹುಡುಗಿಯರದು, ಗಂಟೆ ಹುಡುಗರದು. "ಯಾಕ್ರಪ್ಪಾ, ಗಂಟೆ ಹೊಡೆಯೋಕೆ ಮೀಸೆ ಬೇಕೇನು?" ಎಂದು ಅವರು ಕೇಳಿದ ಮೇಲೆ ನಗು ತಗ್ಗುತ್ತಿತ್ತು.

ಸೂರಮ್ಮನವರು ಮೊಳಕಾಲ್ಮೂರಿನ ನೇಯ್ಗೆಯವರ ಮನೆಯ ಮಗಳು. ಅಣ್ಣ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟರೆ ಇವರು ರಾಟೆಯ ಮುಂದೆ ಕುಳಿತು ಅಪ್ಪನ ಮಗ್ಗಕ್ಕೆ ರೇಷ್ಮೆ ನೂಲು ಸುತ್ತಿಕೊಡಬೇಕಾಗಿತ್ತು. ನಾಲ್ಕನೆಯ ತರಗತಿಗೇ ಬಿಡಿಸಿದ್ದ ಶಾಲೆಗೆ ಅವರನ್ನು ಮತ್ತೆ ಕಳುಹಿಸಿದವರು ಅವರ ಅಜ್ಜಿ. "ಸುತ್ತಾಕೆ ನಾನಿದೀನಿ, ಹುಡುಗೀನ ಕಳ್ಸು" ಎಂದು ರಾಟೆಯ ಮುಂದೆ ಕುಳಿತ ಮುದುಕಿ ಕೈಲಾಗುವವರೆಗೂ ಆ ಜಾಗ ಬಿಡಲಿಲ್ಲ. ಒಮ್ಮೆ ಬಿಟ್ಟ ಶಾಲೆಗೆ ತಿರುಗಿ ಹೋಗುವುದು ಎಷ್ಟು ಕಷ್ಟವೆಂಬುದನ್ನು ಸೂರಮ್ಮನವರು ಪುಸ್ತಕದಿಂದ ಕಲಿತದ್ದಲ್ಲ.

೧೯೯೮ರಲ್ಲಿ ಈರೇಶನೆಂಬ ವಿದ್ಯಾರ್ಥಿಗೆ ಪಾಠಾಭ್ಯಾಸಕ್ಕಾಗಿ ನನ್ನಿವಾಳದ ಕಡೆಯ ಒಂದು ಹಟ್ಟಿಯ ಶಾಲೆ ಬಂತು. ಹುಡುಗ ಚುರುಕು, ಆದರೆ ಯೋಚನೆಗಿಂತ ನಾಲಗೆ ಒಂದು ಹೆಜ್ಜೆ ಮುಂದೆ. ತನ್ನ ಪಾಠ ನೋಡಲು ಬರುವ ಮೇಡಂ ಮೆಚ್ಚಬೇಕೆಂದು, ಅವರು ಬರುವ ಮುಂಚಿನ ದಿನವೇ ಮಕ್ಕಳ ಕೆಲಸ ಅದಲು ಬದಲು ಮಾಡಿದ. ಏಳನೆಯ ತರಗತಿಯ ಮೂಗಮ್ಮನ ಕೈಯ ಪೊರಕೆಯನ್ನು ಅವಳ ತಮ್ಮ ತಿಪ್ಪೇರುದ್ರನಿಗೆ ಕೊಟ್ಟ. ಗಂಟೆಯ ಸುತ್ತಿಗೆ ಮೂಗಮ್ಮನಿಗೆ ಬಂತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

"ಇವತ್ತು ಗಂಡುಹುಡ್ರೆಲ್ಲ ಹೆಣ್ಣಾಗ್ರಪ್ಪಾ! ಎಲ್ಲಿ ತಿಪ್ಪಕ್ಕಾ, ಗುಡ್ಸು ನೋಡಾನ" ಎಂದುಬಿಟ್ಟ.

ಶಾಲೆ ಗೊಳ್ಳೆಂದಿತು. 'ತಿಪ್ಪಕ್ಕ, ತಿಪ್ಪಕ್ಕ' ಎಂದು ಹುಡುಗರು ಚಪ್ಪಾಳೆ ತಟ್ಟಿದರು. ತಿಪ್ಪೇರುದ್ರ ಪೊರಕೆ ಬಿಸಾಡಿ ಅಳುತ್ತ ಮನೆಗೆ ಓಡಿದ.

ಮರುದಿನ ಸೂರಮ್ಮನವರು ಬಂದಾಗ ಅಕ್ಕ ತಮ್ಮ ಇಬ್ಬರೂ ಶಾಲೆಯಲ್ಲಿರಲಿಲ್ಲ. ನಡೆದದ್ದನ್ನೆಲ್ಲ ಈರೇಶನೇ ಒಪ್ಪಿಸಿದ. ಇನ್ನು ಮೇಲೆ ಹುಡುಗಿ ಕುರಿ ಕಾಯುತ್ತಾಳೆಂದು ತಾತ ಜೋಗಪ್ಪ ಹೇಳಿಕಳುಹಿಸಿದ್ದ. ಆ ಹಟ್ಟಿಯಿಂದ ಏಳನೆಯ ತರಗತಿಯವರೆಗೆ ಬಂದ ಮೊದಲ ಹುಡುಗಿ ಅವಳು. ಪರೀಕ್ಷೆ ಹತ್ತಿರದಲ್ಲೇ ಇತ್ತು.

"ಮೇಡಂ, ನನ್ನ ಪಾಠದ ಅಂಕ..." ಎಂದು ಈರೇಶ ತಡವರಿಸಿದ.

"ನಿನ್ನ ಅಂಕ ಎಲ್ಲೂ ಓಡಿಹೋಗಲ್ಲ. ಆ ಹುಡುಗಿ ಕುರಿ ಹಿಂದೆ ಹೋದಳು ಅಂದ್ರೆ ತಿರುಗಿ ಬರಲ್ಲ. ನಡಿ."

ಜೋಗಪ್ಪ ಹಟ್ಟಿಯ ದೇವರ ದನಗಳನ್ನು ನೋಡಿಕೊಳ್ಳುವ ಕಿಲಾರಿ. ಆ ದನಗಳನ್ನು ಕೂಡುವ ಬೇಲಿಯ ರೊಪ್ಪಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲ. ಆದ್ದರಿಂದ ಅಲ್ಲಿ ಸಗಣಿ ಬಾಚುವುದೂ ಕಸ ಗುಡಿಸುವುದೂ ಗಂಡಸರೇ. ಇವರು ಹೋದಾಗ ಜೋಗಪ್ಪ ಸೊಂಟ ಬಗ್ಗಿಸಿ ಗುಡಿಸುತ್ತಿದ್ದ.

"ಅಲ್ಲೇ ನಿಂತ್ಕಳ್ರಿ ಅಮ್ಮೋರೆ, ಒಳಗೆ ಹೆಣ್ಮಕ್ಕಳು ಬರಂಗಿಲ್ಲ" ಎಂದು ಕೂಗಿ ಹೇಳಿದ.

ಈರೇಶನ ಕಣ್ಣರಳಿತು. "ಮೇಡಂ, ನೋಡಿದ್ರಾ, ಈ ತಾತನೇ ಪೊರಕೆ ಹಿಡಿದು..." ಎಂದು ಬಾಯಿ ತೆರೆದವನನ್ನು ಸೂರಮ್ಮನವರು ಮೊಣಕೈಯಿಂದ ತಿವಿದು ಸುಮ್ಮನಾಗಿಸಿದರು. ಮಾತಿನಲ್ಲಿ ಗೆದ್ದರೆ ಮುದುಕ ಸೋಲುತ್ತಾನೆ. ಸೋತ ಮುದುಕ ಮೊಮ್ಮಗಳನ್ನು ಕಳುಹಿಸುವುದಿಲ್ಲ.

ಜೋಗಪ್ಪ ಪೊರಕೆ ಹಿಡಿದೇ ಬೇಲಿಯ ಬಳಿ ಬಂದ. "ನಿಮ್ಮ ಮೇಷ್ಟ್ರು ನನ್ನ ಮೊಮ್ಮಗನ್ನ ಹೆಣ್ಣು ಮಾಡ್ಯಾನಂತೆ. ನಾಳೆ ಸೀರೆ ಉಡಿಸ್ತಾನೇನು? ಅಂಥ ಸಾಲೆ ನಮಗೆ ಬ್ಯಾಡ್ರಿ. ಹುಡ್ಗೀಗೂ ಬ್ಯಾಡ."

"ಸಿಟ್ಟು ನ್ಯಾಯವಾದದ್ದೇ ಯಜಮಾನ್ರೇ. ಒಂದು ಕೇಳ್ತೀನಿ. ಪೊರಕೆ ಹಿಡಿಸಿದ್ದು ತಪ್ಪಾಯ್ತೋ, ನಗೆಪಾಟಲು ಮಾಡಿದ್ದು ತಪ್ಪಾಯ್ತೋ?"

ಜೋಗಪ್ಪ ಒಮ್ಮೆ ತನ್ನ ಕೈ ನೋಡಿಕೊಂಡ. "ಪೊರಕೆದೇನೈತೆ? ನಾನು ಹಿಡಿದೀನಿ, ನಮ್ಮಪ್ಪ ಹಿಡಿದಿದ್ದ. ದೇವರ ಸೇವೆ. ಹತ್ತು ಹುಡ್ರ ಮುಂದೆ ಹೀಯಾಳ್ಸಿದ್ದು ಸರಿ ಅಲ್ಲ."

"ಸರಿ ಅಲ್ಲ" ಎಂದು ಸೂರಮ್ಮನವರು ಈರೇಶನ ಕಡೆ ತಿರುಗಿದರು. "ಕೇಳಿದೆಯಾ? ಹುಡುಗನಿಗೆ ಪೊರಕೆ ಭಾರವಾಗಲಿಲ್ಲ. ನೀನು ಹೆಣ್ಣು ಅನ್ನೋದನ್ನೇ ಬೈಗಳ ಮಾಡಿದೆ. ಅವನು ಅತ್ತ. ಅಲ್ಲೇ ಕೂತಿದ್ದ ಹೆಣ್ಣುಮಕ್ಕಳು ಅಳಲೂ ಇಲ್ಲ, ನಿನ್ನ ಜೊತೆ ನಕ್ಕರು. ಅದು ಇನ್ನೂ ಕೆಟ್ಟದ್ದು."

ಈರೇಶ ತಲೆ ತಗ್ಗಿಸಿ ಜೋಗಪ್ಪನಿಗೆ ಕೈಮುಗಿಯಹೋದ.

"ತಾತನಿಗೆ ಆಮೇಲೆ" ಎಂದರು ಸೂರಮ್ಮನವರು.

ರೊಪ್ಪದ ಹೊರಗೆ, ತುಸು ದೂರದಲ್ಲಿ ಅಕ್ಕನ ಬೆನ್ನ ಹಿಂದೆ ತಿಪ್ಪೇರುದ್ರ ಅವಿತಿದ್ದ. ಈರೇಶ ಹೋಗಿ ಅವನೆದುರು ಕುಕ್ಕುರುಗಾಲಲ್ಲಿ ಕುಳಿತ. "ತಪ್ಪಾಯ್ತು ಕಣೋ. ಮೂಗಮ್ಮ, ನಿಂಗೂ ಹೇಳ್ತಿದೀನಿ, ತಪ್ಪಾಯ್ತಮ್ಮ."

ಮೂಗಮ್ಮ ಕಾಲ್ಬೆರಳಿನಿಂದ ನೆಲ ಕೆರೆದಳು. "ಸಾ, ನಾಳೆ ಗಂಟೆ ನಾನೇ ಹೊಡೀಲಾ?"

"ಸಾಲೆಗೆ ಹೋಗೋದು ಗಂಟೆ ಹೊಡೆಯಾಕೇನೇ?" ಎಂದು ಜೋಗಪ್ಪ ಗದರಿದ.

"ಕಸ ಗುಡಿಸಾಕೂ ಅಲ್ಲಲ್ಲ ತಾತಾ."

ಮುದುಕನ ಮೀಸೆಯಡಿ ನಗು ಸುಳಿಯಿತು. "ಇವಳ ಬಾಯಿಗೆ ಕುರಿನೂ ಹೆದರ್ತಾವೆ, ಕರ್ಕೊಂಡೋಗ್ರಿ. ನಾಳೆ ಬಂದು ನೋಡ್ತೀನಿ. ಮತ್ತೆ ನಗಾಡಿದ್ರೆ ಇಬ್ರನ್ನೂ ಎಳ್ಕೊಂಡ್ ಬರ್ತೀನಿ."

ಮರುದಿನ ಹೇಳಿದಂತೆಯೇ ಬಂದು ಶಾಲೆಯ ಜಗುಲಿಯಲ್ಲಿ ಕುಳಿತ. ಸೂರಮ್ಮನವರೂ ಮತ್ತೆ ಬಂದಿದ್ದರು. ಈರೇಶ ಯಾರಿಗೂ ಏನೂ ಹೇಳದೆ ತಾನೇ ಮೊದಲು ಪೊರಕೆ ಹಿಡಿದ. ಎರಡೇ ಬೀಸಿಗೆ ಕೊಠಡಿಯ ತುಂಬ ಧೂಳೆದ್ದಿತು.

"ಅಯ್ಯೋ ಮೇಷ್ಟ್ರೇ, ನೀರು ಚಿಮುಕಿಸಿ ಗುಡಿಸಪ್ಪಾ! ಹುಡ್ರು ಸತ್ತಾವು" ಎಂದ ಜೋಗಪ್ಪ.

ಮಕ್ಕಳು ನಕ್ಕರು, ತಿಪ್ಪೇರುದ್ರನೂ ನಕ್ಕ. ನಗುತ್ತಲೇ ಹೋಗಿ ಚೊಂಬಿನಲ್ಲಿ ನೀರು ತಂದ. ಆಮೇಲೆ ಹುಡುಗ ಹುಡುಗಿ ಎನ್ನದೆ ಸಾಲು ಸಾಲಾಗಿ ಸರದಿ ನಡೆಯಿತು. ಸೂರಮ್ಮನವರು ಈರೇಶನಿಗೆ ಅಂದು ಒಳ್ಳೆಯ ಅಂಕವನ್ನೇನೂ ಕೊಡಲಿಲ್ಲ. ಪಾಠವನ್ನು ಮತ್ತೊಮ್ಮೆ ಮಾಡಿಸಿದರು.

ಅವರು ಹೊರಡುವಾಗ ಮೂಗಮ್ಮ ಸುತ್ತಿಗೆ ಹಿಡಿದು ಜೊತೆಗೆ ನಾಲ್ಕು ಹೆಜ್ಜೆ ಬಂದಳು.

"ಟೀಚರ್, ದೇವರ ದನದ ರೊಪ್ಪಕ್ಕೆ ನಾವ್ಯಾಕೆ ಹೋಗ್ಬಾರ್ದು?"

ಸೂರಮ್ಮನವರು ಶಾಲೆಯ ಕಡೆ ತಿರುಗಿ ನೋಡಿದರು. ಜಗುಲಿಯ ಮೇಲೆ ಜೋಗಪ್ಪ ಬೀಡಿ ಹಚ್ಚುತ್ತಿದ್ದ.

"ಅದನ್ನ ನಿಮ್ಮ ತಾತನ್ನ ಕೇಳು. ಇವತ್ತೇ ಬೇಡ, ಪರೀಕ್ಷೆ ಮುಗಿಸ್ಕೊಂಡು ಕೇಳು" ಎಂದರು. "ಈಗ ಗಂಟೆ ಹೊಡಿ, ಹೊತ್ತಾಯ್ತು."

ಅವಳು ಓಡಿದಳು. ಮರಕ್ಕೆ ತೂಗುಹಾಕಿದ್ದ ಕಂಬಿಯ ಮೇಲೆ ಬಿದ್ದ ಏಟು ಎಷ್ಟು ಜೋರಾಗಿತ್ತೆಂದರೆ ಜೋಗಪ್ಪನ ಕೈಯ ಬೀಡಿ ಜಾರಿ ಬಿತ್ತು.