ಉಳಿದರ್ಧ ಹೇಳಿಕೊಟ್ಟವರು ಯಾರು?

ನನಗೆ ದೇವರ ಮೇಲೆ ನಂಬಿಕೆ ಇರಲಿಲ್ಲ ಎಂದು ಹೇಳಿದರೆ ನಮ್ಮ ಚರ್ಚಿನವರು ನಕ್ಕಾರು. ಭಾನುವಾರದ ಪೂಜೆ ತಪ್ಪಿಸಿದವಳಲ್ಲ ನಾನು. ಕುತ್ತಿಗೆಯಲ್ಲಿ ಶಿಲುಬೆ, ಗೋಡೆಯಲ್ಲಿ ಯೇಸುವಿನ ಪಟ, ಅದರ ಮುಂದೆ ಕೆಂಪು ಬಲ್ಬು, ಎಲ್ಲ ಇತ್ತು. ಆದರೂ ಕೆಲವು ವರ್ಷ ನನ್ನ ಒಳಗೆ ಏನೂ ಇರಲಿಲ್ಲ. ಇದನ್ನು ಪಾದ್ರಿಗಳಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ನೀವೇ ಸರಿ ಮಾಡಿ ಓದಿಕೊಳ್ಳಿ. ಮೊನ್ನೆಯಿಂದ ಸಂತೋಷ ಎಷ್ಟು ಉಕ್ಕುತ್ತಿದೆ ಎಂದರೆ, ಬರೆಯದೆ ಕೂತರೆ ಹಾಲಿನ ಹಾಗೆ ಒಲೆಯ ಮೇಲೆ ಚೆಲ್ಲಿ ಹೋದೀತು.

ನಮ್ಮ ಮನೆ ಕೆಮ್ಮಣ್ಣು ಎಂಬ ಊರಿನಲ್ಲಿ, ಹೊಳೆಯ ಬದಿಗೆ. ನಮ್ಮವರು, ಅಂದರೆ ನನ್ನ ಗಂಡ, ದೋಣಿಯಲ್ಲಿ ಹೋಗಿ ಹೊಳೆಯಿಂದ ಮರುವಾಯಿ ಚಿಪ್ಪು ತೆಗೆಯುತ್ತಿದ್ದರು, ನಾನು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದೆ. ಸಂಜೆ ಚರ್ಚಿನ ಗಂಟೆ ಹೊಡೆದಾಗ ಕೈಕಾಲು ತೊಳೆದು ಇಬ್ಬರೂ ತೇರ್ಸ್ ಹೇಳಲು ಕೂರುವುದು. ತೇರ್ಸ್ ಎಂದರೆ ಕೊಂಕಣಿಯಲ್ಲಿ ನಾವು ಹೇಳುವ ಜಪಸರದ ಪ್ರಾರ್ಥನೆ. ಮನೆಯಲ್ಲಿ ಅದನ್ನು ಎರಡು ಪಾಲು ಮಾಡಿ ಹೇಳುವುದು ಕ್ರಮ. ಮರಿಯಮ್ಮನಿಗೆ ನಮಸ್ಕಾರ ಹೇಳುವ ಮೊದಲರ್ಧ ಒಬ್ಬರದ್ದು, ನಮಗೋಸ್ಕರ ಬೇಡಿಕೋ ಎನ್ನುವ ಉಳಿದರ್ಧ ಎದುರು ಕೂತವರದ್ದು. ಪ್ರತಿ ಮಣಿಗೂ ಹೀಗೆ, ಆಚೆಗೊಮ್ಮೆ ಈಚೆಗೊಮ್ಮೆ.

ಮೊದಲರ್ಧ ನನ್ನದು. ಅದು ಜೆಜು, ಅಂದರೆ ಯೇಸುವಿನ ಹೆಸರಿನಲ್ಲಿ ಮುಗಿಯಬೇಕು. ಆದರೆ ನಮ್ಮವರು ಅಲ್ಲಿಯವರೆಗೆ ನನ್ನನ್ನು ಬಿಟ್ಟರೆ ತಾನೇ! ಎರಡು ಮಾತು ಬಾಕಿ ಇರುವಾಗಲೇ ತಮ್ಮ ಅರ್ಧ ಶುರು ಮಾಡಿಬಿಡುತ್ತಿದ್ದರು. ಕೊನೆಯ 'ಆಮೆನ್' ಮಾತ್ರ ಉದ್ದ ಎಳೆದು, ತುಂಬಿದ ಬುಟ್ಟಿಯನ್ನು ನೆಲಕ್ಕಿಟ್ಟವರ ಹಾಗೆ 'ಹುಂ' ಎಂದು ಉಸಿರು ಬಿಡುವುದು. ನಾನು ಮಣಿ ಹಿಡಿದುಕೊಂಡೇ ಗದರುತ್ತಿದ್ದೆ.

"ಜೆಜುವಿನ ಹೆಸರು ಹೇಳಲಿಕ್ಕಾದರೂ ಬಿಡಿ ಮಾರಾಯ್ರೇ!"

"ನೀನು ಎಳೆಯುತ್ತಾ ಕೂತರೆ ಮರಿಯಮ್ಮನಿಗೆ ನಿದ್ದೆ ಬರುತ್ತದೆ," ಎನ್ನುತ್ತಿದ್ದರು.

ನಲವತ್ತು ವರ್ಷ ಈ ಜಗಳ ನಡೆಯಿತು. ಪಕ್ಕದ ಮನೆಯ ಆಯಿಷಾ ಬೇಲಿಯಾಚೆಯಿಂದ, "ಬಾಯಮ್ಮ, ಪೊರ್ಬುಗಳಿಗೆ ಯಾವ ಬಸ್ಸು ತಪ್ಪುತ್ತದಂತೆ?" ಎಂದು ಕೂಗಿ ನಗುವಳು. ಕ್ರಿಶ್ಚನ್ ಗಂಡಸರನ್ನು ನಮ್ಮ ಕಡೆ ಪೊರ್ಬುಗಳು ಎನ್ನುತ್ತಾರೆ, ಹೆಂಗಸರನ್ನು ಬಾಯಮ್ಮ.

ಮಗನಿಗೆ ಮದುವೆಯಾಗಿ ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಕೆಲವು ದಿನ ಒಬ್ಬಳೇ ತೇರ್ಸ್‌ಗೆ ಕೂತೆ. ನನ್ನ ಅರ್ಧ ಹೇಳಿ ನಿಲ್ಲಿಸಿದರೆ ಆಚೆಯಿಂದ ಏನೂ ಇಲ್ಲ. ಎರಡೂ ಅರ್ಧ ನಾನೇ ಹೇಳಿ ನೋಡಿದೆ, ನನಗೆ ನಾನೇ ಉತ್ತರ ಕೊಟ್ಟುಕೊಳ್ಳುವ ಹುಚ್ಚಿಯ ಹಾಗೆ ಕಂಡಿತು. ಇಷ್ಟು ವರ್ಷ ನಾನು ನಂಬಿದ್ದು ದೇವರನ್ನಲ್ಲ, ಎದುರಿನಿಂದ ಬರುತ್ತಿದ್ದ ಆ ಉತ್ತರವನ್ನು ಎಂದು ಆಗ ತಿಳಿಯಿತು. ಮಣಿಸರವನ್ನು ಪಟದ ಮೊಳೆಗೆ ನೇತುಹಾಕಿದೆ. ಮತ್ತೆ ಮುಟ್ಟಲಿಲ್ಲ. ಮಗ ಮಲ್ಪೆಯಲ್ಲಿ ಐಸಿನ ಲಾರಿ ಓಡಿಸುವವನು, ಸೊಸೆ ಪ್ರೆಸಿಲ್ಲಾ ಉಡುಪಿಯಲ್ಲಿ ಹೊಲಿಗೆ ಅಂಗಡಿಗೆ ಹೋಗುವವಳು. ತೇರ್ಸ್ ಯಾಕಿಲ್ಲ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಆಮೇಲೆ ಮೆಲಿಶಾ ಹುಟ್ಟಿದಳು. ಮುದ್ದು ಎಂದರೆ ಮುದ್ದು! ಕೋಳಿಯ ಹಿಂದೆ ಓಡುವಳು, ಮೀನಿನ ತಲೆ ನೋಡಿದರೆ ಕುಣಿಯುವಳು. ಆದರೆ ಮಾತಿಲ್ಲ. ಎರಡು ವರ್ಷ ಕಳೆಯಿತು, ಮೂರು ಕಳೆಯಿತು, ಬಾಯಿಂದ 'ಅಮ್ಮ' ಕೂಡ ಬರಲಿಲ್ಲ. ಮಣಿಪಾಲದಲ್ಲಿ ತೋರಿಸಿದರೆ ಕಿವಿ ಸರಿ ಉಂಟು, ನಾಲಿಗೆ ಸರಿ ಉಂಟು ಎಂದರು. ಹಾಗಾದರೆ ಎಂತ ಇಲ್ಲ? ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ನಾಲ್ಕು ವರ್ಷ ತುಂಬುತ್ತಾ ಬಂದಿತ್ತು. ಶಾಲೆಗೆ ಹೇಗೆ ಸೇರಿಸುವುದು, ನಾನು ಸತ್ತ ಮೇಲೆ ಇದರ ಹಸಿವು ಬಾಯಾರಿಕೆ ಯಾರಿಗೆ ತಿಳಿಯುವುದು ಎಂದು ನನಗೆ ಒಳಗೊಳಗೇ ಉರಿ. ಪ್ರೆಸಿಲ್ಲಾ ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿ ಅಳುವಳು. ನಾನು ಕಂಡೂ ಕಾಣದ ಹಾಗೆ ಕೂರುವುದು.

ಮಾತು ಕಲಿಸುವ ಮೇಡಂ ಒಬ್ಬಳಿದ್ದಳು, ಚಿಕ್ಕ ಪ್ರಾಯದವಳು. ಅವಳು ನನಗೊಂದು ಕೆಲಸ ಹೇಳಿದಳು. "ಅಜ್ಜಿ, ಮನೆಯಲ್ಲಿ ಮಗುವಿನ ಹತ್ತಿರ ಅರ್ಧ ಮಾತು ಹೇಳಿ ನಿಲ್ಲಿಸಿ. ಉಳಿದದ್ದನ್ನು ನೀವೇ ಹೇಳಲಿಕ್ಕೆ ಹೋಗಬೇಡಿ. ಅವಳ ಮುಖ ನೋಡಿ ಕಾಯಿರಿ."

ನಾನು ಹೇಳಿದ್ದೇ ಹೇಳಿದ್ದು! 'ಕೋಳಿ ಇಟ್ಟದ್ದು...' ಎಂದು ನಿಲ್ಲಿಸುವುದು. 'ಬಂಗುಡೆ ಮೀನು ಹಾಕುವುದು...' ಎಂದು ನಿಲ್ಲಿಸುವುದು. ಜೋಗುಳವನ್ನೂ ಅರ್ಧಕ್ಕೇ ತುಂಡು ಮಾಡಿದೆ. ಮಗು ನನ್ನ ಮುಖ ನೋಡುವುದು, ನಾನು ಮಗುವಿನ ಮುಖ ನೋಡುವುದು. ತಿಂಗಳುಗಟ್ಟಲೆ ಹೀಗೆ. ಆಯಿಷಾ ಒಮ್ಮೆ, "ಬಾಯಮ್ಮ, ಈಗ ನಿಮ್ಮ ಮಾತೂ ಅರ್ಧ ಆಯಿತಲ್ಲ," ಎಂದು ಚೇಷ್ಟೆ ಮಾಡಿ, ಮರುಗಳಿಗೆಯಲ್ಲಿ ತಾನೇ ಕಣ್ಣೊರೆಸಿಕೊಂಡಳು.

ಇನ್ನು ನಾನು ಹೇಳಬೇಕೆಂದಿರುವ ಸಂಜೆಗೆ ಬರುತ್ತೇನೆ. ಮಗ, ಸೊಸೆ ಇನ್ನೂ ಬಂದಿರಲಿಲ್ಲ. ಮಗು ಹೊಸಿಲ ಮೇಲೆ ಕೂತು ಖಾಲಿ ಮರುವಾಯಿ ಚಿಪ್ಪುಗಳನ್ನು ಒಂದರ ಮೇಲೊಂದು ಇಡುತ್ತಿತ್ತು. ನಾನು ಕಾಯಿ ತುರಿಯುತ್ತಿದ್ದೆ. ಹೇಳಬೇಕಾದ ಅರ್ಧ ಮಾತುಗಳೆಲ್ಲ ಅಂದಿನ ಮಟ್ಟಿಗೆ ಖಾಲಿ. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು, ಅದರ ಬೆನ್ನಿಗೆ ಮಸೀದಿಯ ಬಾಂಗ್. ಏನಾಯಿತೋ ಗೊತ್ತಿಲ್ಲ, ನನ್ನ ಬಾಯಿ ತಾನಾಗಿ ನಮಸ್ಕಾರದ ಜಪ ಹಿಡಿಯಿತು. ಭಕ್ತಿಯಿಂದಲ್ಲ, ಸತ್ಯವಾಗಿ ಹೇಳುತ್ತೇನೆ. ಅರ್ಧಕ್ಕೆ ನಿಲ್ಲಿಸಿ ಅಭ್ಯಾಸವಿದ್ದ ಮಾತು ಅದೊಂದೇ ಉಳಿದಿತ್ತು, ಅಷ್ಟೆ. ಜೆಜುವಿನ ಹೆಸರಿಗೆ ಬಂದು ನಿಲ್ಲಿಸಿ, ಮೇಡಂ ಹೇಳಿದ ಹಾಗೆ ಕಾಯೋಣ ಎಂದುಕೊಂಡೆ.

ಕಾಯಲು ಬಿಟ್ಟರಲ್ಲವೇ! ಎರಡು ಮಾತು ಬಾಕಿ ಇರುವಾಗಲೇ ಹೊಸಿಲಿನಿಂದ ಉಳಿದರ್ಧ ಬಂತು. ಸಣ್ಣ ಸ್ವರ, ಅಲ್ಲಲ್ಲಿ ತೊದಲು, ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಓಟ. ಕೊನೆಗೆ 'ಆಮೆನ್' ಎಂದು ಉದ್ದ ಎಳೆದು, 'ಹುಂ' ಎಂದು ಉಸಿರು ಬಿಟ್ಟಿತು.

ನನ್ನ ಬಾಯಿಂದ ಬಂದ ಮಾತು ಯಾವುದು ಗೊತ್ತೇ? "ಜೆಜುವಿನ ಹೆಸರು ಹೇಳಲಿಕ್ಕಾದರೂ ಬಿಡಿ ಮಾರಾಯ್ರೇ!" ಯಾರಿಗೆ ಹೇಳಿದೆ ನಾನು? ಎದುರಿಗೆ ಇರುವುದು ಮಾತು ಬಾರದ ಮಗು. ಅದು ಚಿಪ್ಪು ಹಿಡಿದುಕೊಂಡು ಕಿಲಕಿಲ ನಗುತ್ತಿತ್ತು.

ಅರ್ಧ ತುರಿದ ಕಾಯಿ ಉರುಳಿ ಎಲ್ಲಿಗೋ ಹೋಯಿತು. ಮೊಳೆಯಿಂದ ಮಣಿಸರ ಎಳೆದುಕೊಂಡು ಮಗುವಿನ ಎದುರು ನೆಲದ ಮೇಲೆಯೇ ಕೂತೆ. ಇನ್ನೊಂದು ಹೇಳಿದೆ, ಉತ್ತರ ಬಂತು. ಮತ್ತೊಂದು, ಬಂತು. ಒಂದೊಂದು ಸಲವೂ ನನ್ನನ್ನು ಅದೇ ಜಾಗದಲ್ಲಿ ತುಂಡು ಮಾಡಿ! ಅಷ್ಟರಲ್ಲಿ ಆಯಿಷಾ ಕೋಳಿ ಹುಡುಕಿಕೊಂಡು ಬೇಲಿಯ ಹತ್ತಿರ ಬಂದಳು. ಬಂದವಳು ಅಲ್ಲೇ ನಿಂತಳು.

"ಬಾಯಮ್ಮ, ಇದು ಎಂತ? ಇದು ಪೊರ್ಬುಗಳದ್ದೇ ಅವಸರ ಅಲ್ವಾ?"

ನಾನು ಕೇಳದೆ ಅವಳಾಗಿ ಹೇಳಿದ ಮಾತಿದು. ಅವಳು ಕೇಳಿಸಿಕೊಳ್ಳದೆ ಹೋಗಿದ್ದರೆ ನಾನೇ ಕಟ್ಟಿಕೊಂಡ ಕಥೆ ಎಂದು ನನಗೇ ಅನಿಸುತ್ತಿತ್ತೋ ಏನೋ.

ಪ್ರೆಸಿಲ್ಲಾ ಬಂದಾಗ ಮಗು ಮಂಡಿಯೂರಿ ಕೂತಿತ್ತು. "ಕೇಳು," ಎಂದೆ. ಒಂದು ಮಣಿ ಆಗುವಷ್ಟರಲ್ಲಿ ಅವಳ ಚೀಲ ಕೈಯಿಂದ ಜಾರಿತು. "ಮಾಂಯ್, ಇನ್ನೊಮ್ಮೆ. ಮಾಂಯ್, ಇನ್ನೊಮ್ಮೆ," ಎನ್ನುತ್ತಾ ನನ್ನ ಕೈ ಹಿಡಿದು ಅಲುಗಿಸಿದಳು. ಅತ್ತೆಯನ್ನು ನಾವು ಮಾಂಯ್ ಎನ್ನುವುದು. ಆ ದಿನ ನಮ್ಮ ಮನೆಯಲ್ಲಿ ಊಟಕ್ಕೆ ಸಾರೂ ಇಲ್ಲ, ಪಲ್ಯವೂ ಇಲ್ಲ, ಗಂಜಿಗೆ ಉಪ್ಪಿನಕಾಯಿ. ಅಷ್ಟು ರುಚಿಯ ಗಂಜಿ ನಾನು ಉಂಡದ್ದಿಲ್ಲ.

ಮುಂದಿನ ವಾರ ಮಣಿಪಾಲದ ಮೇಡಂಗೂ ಕಣ್ಣಲ್ಲಿ ನೀರು. "ಇಂಥದ್ದು ಆಗುತ್ತದೆ ಅಜ್ಜಿ. ಕೇಳಿ ಕೇಳಿ ಒಳಗೆ ಉಳಿದಿರುತ್ತದೆ, ಒಂದು ದಿನ ಹೊರಗೆ ಬರುತ್ತದೆ," ಎಂದಳು.

"ಎಲ್ಲಿ ಕೇಳಿದ್ದು ಮಗಾ?"

"ಅದನ್ನು ನೀವೇ ಹೇಳಬೇಕು," ಎಂದು ನಕ್ಕಳು.

ನಾನು ಎಷ್ಟೋ ಯೋಚಿಸಿ ನೋಡಿದ್ದೇನೆ. ಜಪ ಚರ್ಚಿನಲ್ಲಿ ಕಿವಿಗೆ ಬಿದ್ದಿರಬಹುದು, ಒಪ್ಪುತ್ತೇನೆ. ಆದರೆ ಅಲ್ಲಿ ಎಲ್ಲರೂ ಒಟ್ಟಿಗೆ, ಜೆಜುವಿನ ಹೆಸರು ಮುಗಿದ ಮೇಲೆಯೇ ಉಳಿದರ್ಧ ಎತ್ತುತ್ತಾರೆ. ಆ ಎರಡು ಮಾತಿನ ಅವಸರ, ಬುಟ್ಟಿ ಇಳಿಸಿದಂಥ ಆ 'ಹುಂ' ಯಾರಿಂದ ಬಂತು? ಅಜ್ಜನನ್ನು ಮಗು ಕಂಡದ್ದಿಲ್ಲ. ಅವರ ಸ್ವರ ಫೋನಿನಲ್ಲಿ ಎಲ್ಲಾದರೂ ಉಂಟಾ ಎಂದು ಮಗ ಹುಡುಕಿದ. ಇಲ್ಲ. ಆಗ ಮನೆಯಲ್ಲಿದ್ದದ್ದು ಗುಂಡಿಯ ಫೋನು, ತೇರ್ಸ್ ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ದೇವರಿದ್ದಾನೆ ಎನ್ನಲು ಇದು ಸಾಕ್ಷಿಯಾ ಎಂದು ಓದಿದವರು ಕೇಳಿದರೆ ನನಗೆ ವಾದ ಮಾಡಲು ಬರುವುದಿಲ್ಲ. ಆಚೆ ಕಡೆ ಖಾಲಿ ಎಂದುಕೊಂಡಿದ್ದೆ, ಉತ್ತರ ಬಂತು. ನನಗೆ ಗೊತ್ತಿರುವುದು ಇಷ್ಟೇ.

ಮಾತು ಆಮೇಲೆ ಒಂದೊಂದಾಗಿ ಬಂತು. ನೀರು ಬಂತು, ಕೋಳಿ ಬಂತು, ಅಮ್ಮ ಬಂತು. ಈಗ ಬಾಯಿ ಮುಚ್ಚುವುದೇ ಇಲ್ಲ! ಒಂಬತ್ತು ವರ್ಷ ತುಂಬಿತು. ಮೊನ್ನೆ ಭಾನುವಾರ ಅವಳ ಮೊದಲ ಪರಮಪ್ರಸಾದ, ಪೂಜೆಯಲ್ಲಿ ಮಕ್ಕಳು ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ದಿನ. ಬಿಳಿ ಫ್ರಾಕು ಪ್ರೆಸಿಲ್ಲಾಳೇ ಹೊಲಿದದ್ದು. ಪೂಜೆಗೆ ಮೊದಲು ತೇರ್ಸ್ ನಡೆಯಿತು. ಮೊದಲರ್ಧ ಪಾದ್ರಿಗಳದ್ದು, ಉಳಿದರ್ಧ ಇಡೀ ಚರ್ಚಿನದ್ದು. ಪಾದ್ರಿಗಳು ಇನ್ನೂ ಜೆಜುವಿನ ಹೆಸರಿಗೆ ತಲುಪಿರಲಿಲ್ಲ, ಮುಂದಿನ ಸಾಲಿನಿಂದ ಒಂದೇ ಒಂದು ಸಣ್ಣ ಸ್ವರ ಎಲ್ಲರಿಗಿಂತ ಮೊದಲು ಎದ್ದಿತು. ಪಾದ್ರಿಗಳು ಕನ್ನಡಕದ ಮೇಲಿನಿಂದ ನೋಡಿದರು. ಜನ ತಿರುಗಿದರು. ಪ್ರೆಸಿಲ್ಲಾ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಚರ್ಚಿನೊಳಗೆ ಗಟ್ಟಿಯಾಗಿ ನಕ್ಕುಬಿಟ್ಟೆ.

"ಮಾಂಯ್, ಅವಳಿಗೆ ಸ್ವಲ್ಪ ಕಾಯಲು ಕಲಿಸಿ," ಎಂದು ಪ್ರೆಸಿಲ್ಲಾ ದಾರಿಯುದ್ದಕ್ಕೂ ಹೇಳಿದಳು.

ನಾನು ಹುಂ ಎಂದೆ. ಕಲಿಸುವುದಿಲ್ಲ.